ಹಾಜರ್ ಅಂದವರು ಯಾರು?

ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆಂದು ಸರ್ಕಾರಕ್ಕೆ ರುಜುವಾತು ಕೊಡಬೇಕು. ಪಿಂಚಣಿ ಉಣ್ಣುವವರಿಗೆ ತಪ್ಪದ ಕರ್ಮವಿದು. ನೌಬಾದದ ಮನೆಯಿಂದ ಆಟೋ ಹಿಡಿದು ಬೀದರಿನೊಳಗಿನ ಬ್ಯಾಂಕಿಗೆ ಹೋಗಿ, ಅಂಗೈಯಗಲದ ಒಂದು ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಒತ್ತಿ, ಅದು ‘ಹೌದು, ಈಕೆ ಇದ್ದಾಳೆ’ ಎಂದು ಒಪ್ಪುವ ತನಕ ಉಸಿರು ಬಿಗಿಹಿಡಿದು ನಿಂತಿರಬೇಕು. ಈ ಸಲ ಅದು ಒಪ್ಪಲಿಲ್ಲ. ರೊಟ್ಟಿ ಬಡಿದು ಬಡಿದು, ಸೀಮೆಸುಣ್ಣ ಹಿಡಿದು ಹಿಡಿದು ನನ್ನ ಹೆಬ್ಬೆಟ್ಟಿನ ಗೆರೆಗಳು ಎಂದೋ ಸವೆದುಹೋಗಿವೆ. ಅಲ್ಲಿ ಕುಳಿತಿದ್ದ ಹುಡುಗಿ ಮೂರು ಸಲ ಒರೆಸಿ ಒತ್ತಿಸಿ ಸುಸ್ತಾದಳು.

“ಅಜ್ಜಿ, ಮಷೀನು ನೀವು ಇಲ್ಲ ಅನಲತ್ತದರಿ.”

“ಇಲ್ಲೇ ನಿಂತೀನಲ್ಲವ್ವ, ಗಟ್ಟಿಮುಟ್ಟ!”

“ನನಗ ಕಾಣ್ತೀರಿ. ಅದಕ್ಕ ಕಾಣವಲ್ರಿ, ನಾ ಏನ್ ಮಾಡ್ಲಿ?”

ಕೂತಿರಿ ಎಂದಳು, ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಒಳಗಿನ ಕೋಣೆಯಿಂದ ಯಾರೋ “ಕಾಶೀಬಾಯಿ!” ಎಂದು ಕೂಗಿದರು. ನಾನು ದಡಬಡಿಸಿ ಎದ್ದು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತು, ಗಟ್ಟಿಯಾಗಿ “ಹಾಜರ್ ಜೀ!” ಎಂದುಬಿಟ್ಟೆ. ಬ್ಯಾಂಕಿಗೆ ಬ್ಯಾಂಕೇ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆದರೆ ನಕ್ಕು ಮುಗಿದ ಮೇಲೂ ನನ್ನ ಕಿವಿ ಇನ್ನೊಂದು ದನಿಗಾಗಿ ಕಾಯುತ್ತಿತ್ತು. ಎಂಬತ್ತು ದಾಟಿದರೂ ಈ ಚಾಳಿ ನನ್ನನ್ನು ಬಿಟ್ಟಿಲ್ಲ.

ಚಾಳಿ ಎಂದೆನಲ್ಲ, ಇನ್ನೊಂದಿತ್ತು. ಔರಾದ, ಭಾಲ್ಕಿ, ಬೀದರ ಅಂತ ಮೂವತ್ತು ಚಿಲ್ಲರೆ ವರ್ಷ ಮಾಸ್ತರಕಿ ಮಾಡಿದೆ, ಒಂದು ದಿನವೂ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳಲಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಮುಖ ನೋಡಿ, ಮಾತಿಲ್ಲದೆ ಗುರುತು ಹಾಕುತ್ತಿದ್ದೆ. ಒಬ್ಬ ಹೆಡ್‌ಮಾಸ್ತರರಿಗೆ ಇದು ಮಹಾ ಸಂಶಯ. “ಬಾಯಾರ, ನಿಮಗ ಮಕ್ಕಳ ಹೆಸರು ಬರಂಗಿಲ್ಲೇನ್ರಿ?” ಎಂದು ಎಲ್ಲರೆದುರು ಕೇಳಿದರು. “ಬರ್ತಾವರಿ, ಕೂಗಿದ್ರ ಗಂಟಲ ನೋಯ್ತದ” ಎಂದು ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ನನ್ನನ್ನು ಸಾಲೆಯಿಂದ ನೇರ ಯಾವುದಾದರೂ ದರ್ಗಾದ ಅಂಗಳಕ್ಕೆ ಕಳಿಸುತ್ತಿದ್ದರು.

ಈ ಹಾಜರ್ ಎಂಬ ಮಾತು ಎಷ್ಟು ಊರಿನ ನೀರು ಕುಡಿದಿದೆ ಎಂದುಕೊಂಡಿದ್ದೀರಿ? ಅರಬರ ನಾಡಿನಲ್ಲಿ ಹುಟ್ಟಿದಾಗ ‘ಎದುರಿಗಿರುವುದು’ ಎಂಬಷ್ಟೇ ಅದರ ಅರ್ಥ. ಒಂಟೆ ಹೊಡೆದುಕೊಂಡು ಅಲೆಯುವುದನ್ನು ಬಿಟ್ಟು ಒಂದು ಕಡೆ ಮನೆ ಕಟ್ಟಿ ಕೂತವರಿಗೂ ಅದೇ ಬೇರಿನಿಂದ ಹೆಸರು ಸಿಕ್ಕಿತು. ಫಾರಸಿಯವರ ಕೈಹಿಡಿದು ಅದು ಹಿಂದೂಸ್ತಾನಕ್ಕೆ ಬಂತು. ತುರ್ಕಿಯವರು ಅದನ್ನು ‘ಸಿದ್ಧ’ ಎಂಬುದಕ್ಕೆ ಬಳಸುತ್ತಾರಂತೆ, ಅಡುಗೆ ಆದರೂ ಅವರಿಗೆ ಹಾಜರ್. ಮರಾಠಿಯವರು ಒಂದು ದೀರ್ಘ ಕತ್ತರಿಸಿ ಹಜರ್ ಅಂದರು, ತೆಲುಗರು ಬಾಲ ಹಚ್ಚಿ ಹಾಜರು ಮಾಡಿದರು, ತಮಿಳರು ತಲೆ ಹಾರಿಸಿ ಆಜರ್ ಎಂದರು. ನಾವು ಬೀದರ ಸೀಮೆಯವರು ಎಲ್ಲರ ನಡುವೆ ಕೂತವರು, ಬಾಯಿಗೆ ಬಂದದ್ದನ್ನು ಅಂದೆವು.

ಅದರ ಬಳಗವೂ ಸಣ್ಣದಲ್ಲ. ಕಚೇರಿಯಲ್ಲಿ ಕೈಕಟ್ಟಿ ಕರೆಯುವ ‘ಹುಜೂರ್’ ಅದರ ಒಡಹುಟ್ಟು, ದರ್ಗಾದ ‘ಹಜರತ್’ ಇನ್ನೊಂದು. ದೊಡ್ಡವರ ಹೆಸರು ಹಿಡಿದು ಕರೆಯಲು ಹೆದರಿದ ಜನ ಅವರು ಅಲ್ಲಿ ಇರುವುದನ್ನೇ ಹೆಸರು ಮಾಡಿಬಿಟ್ಟರು. ಬಿಳಿ ಸಾಹೇಬರು ಹಾಸಿಗೆಯಲ್ಲೇ ಕುಡಿಯುವ ಚಹಾಕ್ಕೂ ಛೋಟಾ ಹಾಜರಿ ಎಂದರು, ಅವರ ಹಲ್ಲು ತಿಕ್ಕದ ಬಾಯಿಗೆ ಅಷ್ಟು ದೊಡ್ಡ ಮಾತು! ಇನ್ನು ನಮ್ಮ ಕಡೆ ಗುರುವಾರ ದರ್ಗಾಗಳಲ್ಲಿ ಹೆಂಗಸರು ಜಡೆ ಬಿಚ್ಚಿ ಕಂಬಕ್ಕೆ ತಲೆ ಹೊಡೆದುಕೊಳ್ಳುತ್ತಾರಲ್ಲ, ಬೇರೆ ಯಾರದೋ ದನಿಯಲ್ಲಿ ಬೈಯುತ್ತಾರಲ್ಲ, ಅದಕ್ಕೂ ‘ಆಕಿಗಿ ಹಾಜರಿ ಬಂದದ’ ಎಂದೇ ಹೇಳುವುದು. ಕನ್ನಡದಲ್ಲಿ ಚೆಂದಾಗಿ ‘ಇದ್ದೇನೆ’ ಎನ್ನಬಹುದು. ಆದರೆ ಇದ್ದೇನೆ ಎನ್ನಲು ಬದುಕಿರಬೇಕು, ಹಾಜರ್ ಎನ್ನಲು ಅಷ್ಟೂ ಬೇಕಾಗಿಲ್ಲ.

ಹೆಬ್ಬೆರಳಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರಿಗೆ ನಮ್ಮ ಕಡೆ ‘ಪಾಯಾಳು’ ಅನ್ನುತ್ತಾರೆ, ಅವರಿಗೆ ಇಲ್ಲದ್ದು ಕಾಣುತ್ತದೆಂದು ನಂಬುತ್ತಾರೆ. ನಮ್ಮೂರು ಎಕಂಬಾದಲ್ಲಿ ಯಾರದಾದರೂ ಕುರಿಯೋ ಮೂಗುತಿಯೋ ಕಳೆದರೆ ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದರು. ಒಬ್ಬ ಮುದುಕ ಫಕೀರ ನನ್ನ ಹೆಬ್ಬೆರಳ ಉಗುರಿಗೆ ಎಣ್ಣೆ ಕಲಸಿದ ಕಾಡಿಗೆ ಬಳಿದು, ಲೋಬಾನದ ಹೊಗೆ ಹಾಕಿ, ಅದರಲ್ಲೇ ನೋಡು ಎನ್ನುತ್ತಿದ್ದ. ಇದರ ಹೆಸರೂ ‘ಹಾಜರಾತ್’. ಮೊದಲು ಕಸ ಗುಡಿಸುವವನು ಬರಬೇಕು, ಆಮೇಲೆ ನೀರು ಚಿಮುಕಿಸುವವನು, ಆಮೇಲೆ ಜಮಖಾನ ಹಾಸುವವನು, ಕಡೆಗೆ ಬಾದಶಹ ಬಂದು ಕೂತು ಕಳ್ಳನ ಹೆಸರು ಹೇಳಬೇಕು. ನನಗೆ ಕಂಡದ್ದು ನನ್ನದೇ ಮೂಗು. ಆದರೂ “ಬಂದ, ಕೂತ” ಎಂದು ಹೇಳುತ್ತಾ ಹೋದರೆ ಒಂದು ಉಂಡೆ ಬೆಲ್ಲ ಸಿಗುತ್ತಿತ್ತು. ಇಲ್ಲದವರನ್ನು ಇದ್ದಾರೆ ಎನ್ನುವ ವಿದ್ಯೆ ನನಗೆ ಹೀಗೆ ಆರೇಳು ವರ್ಷಕ್ಕೇ ಬಂದಿತ್ತು.

ಮುಂದೆ ಅಪ್ಪ ನನ್ನನ್ನು ಭಾಲ್ಕಿಯಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದ. ಹಳ್ಳಿಗಳಲ್ಲಿ ನಿಜಾಮರ ಪರ ನಿಂತ ರಜಾಕಾರರ ಕಾಟ ಹೆಚ್ಚಾಗಿತ್ತು, ಪೇಟೆ ಊರು ಸ್ವಲ್ಪ ವಾಸಿ ಎಂದು ಅವನ ಲೆಕ್ಕ. ಮಾವ ಕುರಿ ಸಾಕಿ ಉಣ್ಣೆ ಮಾರುತ್ತಿದ್ದ. ಅವನ ಹಿತ್ತಲಿಗೆ ಬೆನ್ನು ಹಚ್ಚಿದ ಮನೆ ಒಬ್ಬ ಪಿಂಜಾರನದು, ಹತ್ತಿ ಹಿಂಜಿ ಗಾದಿ ತುಂಬಿಕೊಡುವವನು. ಅವನ ಹೆಂಡತಿ ಹಲೀಮಾಬಿ, ಮಗಳು ಖೈರುನ್ನಿಸಾ, ತೊಟ್ಟಿಲಲ್ಲಿ ಒಂದು ಗಂಡು ಕೂಸು. ಖೈರುವಿಗೂ ನನಗೂ ಒಂದೇ ವಯಸ್ಸು, ಒಂಬತ್ತೋ ಹತ್ತೋ. ಆಕೆಯ ತಲೆಗೂದಲಿನಲ್ಲಿ ಯಾವಾಗಲೂ ಹತ್ತಿಯ ಎಳೆ, ನನ್ನ ತಲೆಯಲ್ಲಿ ಉಣ್ಣೆಯ ಎಳೆ. ನಮ್ಮಿಬ್ಬರನ್ನು ಸೇರಿಸಿ ಹಿಂಜಿದರೆ ಒಂದು ದುಪ್ಪಟಿ ಆಗುತ್ತದೆ ಎಂದು ಮಾವ ಚೇಷ್ಟೆ ಮಾಡುತ್ತಿದ್ದ.

ನಿಜಾಮರ ಕಾಲದಲ್ಲಿ ಸರ್ಕಾರಿ ಸಾಲೆಗೂ ಮದ್ರಸಾ ಎಂದೇ ಹೆಸರು, ಓದುವುದೆಲ್ಲ ಉರ್ದುವಿನಲ್ಲಿ. ನಮ್ಮದು ಹುಡುಗಿಯರ ಸಾಲೆ. ಒಂದೇ ಉದ್ದ ಕೋಣೆ, ಓಣಿಯ ಕಡೆಗೆ ಒಂದು ಕಿಟಕಿ, ಕೂರಲು ಗೋಣಿತಟ್ಟು. ಕಲಿಸುತ್ತಿದ್ದವರನ್ನು ನಾವು ಉಸ್ತಾನಿ ಮಾ ಎನ್ನುತ್ತಿದ್ದೆವು. ವಯಸ್ಸಾದವರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಜರಿ ಪುಸ್ತಕಕ್ಕೆ ಮೂಗು ತಾಗುವಷ್ಟು ಬಗ್ಗಿ ಹೆಸರು ಕೂಗುವರು, ‘ಹಾಜರ್ ಜೀ’ ಎಂದು ದನಿ ಬಂದರೆ ಬರೆದುಕೊಳ್ಳುವರು, ತಲೆ ಎತ್ತಿ ನೋಡುತ್ತಿರಲಿಲ್ಲ. ನೋಡಿದರೂ ಕಾಣುತ್ತಿರಲಿಲ್ಲ. ಅವರ ಹಾಜರಿಯೆಲ್ಲ ಕಿವಿಯಿಂದಲೇ.

ಇಂಥ ಕಡೆ ಹುಡುಗಿಯರು ಸುಮ್ಮನಿರುತ್ತಾರೆಯೇ? ಒಬ್ಬಳು ಬಾರದಿದ್ದರೆ ಗೆಳತಿ ಆಕೆಯ ದನಿ ತೆಗೆದು ಹಾಜರ್ ಎನ್ನುವ ರೂಢಿ ಇತ್ತು. ಹೊಲದ ಕೆಲಸ, ಕೂಸು ಹಿಡಿಯುವ ಕೆಲಸ, ನಮ್ಮಂಥವರಿಗೆ ಸಾಲೆ ತಪ್ಪುವುದು ಹೆಚ್ಚು. ಬಹಳ ದಿನ ಗೈರು ಹಾಜರಾದರೆ ಹೆಸರು ‘ಖಾರಿಜ್’. ಎಂದರೆ ಕೆಂಪು ಮಸಿಯಲ್ಲಿ ಹೆಸರಿನ ಮೇಲೆ ಗೀರು, ಸಾಲೆ ಅಲ್ಲಿಗೆ ಮುಗಿಯಿತು. ಹಾಗಾಗಿ ಇದನ್ನು ಯಾರೂ ಮೋಸ ಎಂದು ತಿಳಿದಿರಲಿಲ್ಲ. ಖೈರು ನನ್ನ ದನಿ ತೆಗೆಯುವಾಗ ಮೂಗು ಹಿಡಿದುಕೊಂಡು ಕೀರಲಾಗಿ ಅನ್ನುತ್ತಿದ್ದಳು, ನನ್ನ ದನಿ ಅಷ್ಟು ಕೆಟ್ಟದಾಗಿತ್ತು. ನಾನು ಆಕೆಯ ದನಿ ತೆಗೆಯುವಾಗ ಎದೆಯಿಂದ ಎಳೆದು, ‘ಜೀ’ಯನ್ನು ಸ್ವಲ್ಪ ಇಳಿಸಿ ಅನ್ನುತ್ತಿದ್ದೆ. ಉಸ್ತಾನಿ ಮಾ ಅವರಿಗೆ ಒಮ್ಮೆಯೂ ತಿಳಿಯಲಿಲ್ಲ, ಅಥವಾ ತಿಳಿದರೂ ಅಂದಿರಲಿಲ್ಲ.

ಆ ವರ್ಷ ಒಂದು ರಾತ್ರಿ ರಜಾಕಾರರು ಬರುತ್ತಾರೆಂದು ಸುದ್ದಿ ಹಬ್ಬಿ, ಮಾವ ನಮ್ಮನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಸರಹದ್ದಿನ ಆಚೆಯ ಶಿಬಿರಕ್ಕೆ ಓಡಿದ. ಒಂದು ತಿಂಗಳು ಅಲ್ಲಿ ತಟ್ಟಿಯ ಗುಡಿಸಲಲ್ಲಿದ್ದೆವು. ತಿರುಗಿ ಬಂದಾಗ ಮಾವನ ಕುರಿಗಳು ಒಂದೂ ಸತ್ತಿರಲಿಲ್ಲ, ಪಿಂಜಾರ ಮೇವು ಹಾಕಿ ಕಾದಿದ್ದ. ಸಾಲೆಗೆ ಹೋಗಿ ಅಂಜುತ್ತಲೇ ಕೂತೆ. ನನ್ನ ಹೆಸರು ಖಾರಿಜ್ ಆಗಿರಲಿಲ್ಲ. ಖೈರು ಕಿವಿಯಲ್ಲಿ ಪಿಸುಗುಟ್ಟಿದಳು.

“ತೂ ಯಾಂಚ್ ಥೀ ಗೆ. ಒಂದ್ ದಿನಾನೂ ತಪ್ಪಿಲ್ಲ.”

ನೀನು ಇಲ್ಲೇ ಇದ್ದೆ ಎಂದು ಅದರ ಅರ್ಥ. ತಿಂಗಳಿಡೀ ಆಕೆ ನನಗಾಗಿ ಮೂಗು ಹಿಡಿದಿದ್ದಳು. ಶಿಬಿರದಲ್ಲಿ ನಾನು ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ದಿನವೂ ಭಾಲ್ಕಿಯ ಸಾಲೆಯಲ್ಲಿ ಹಾಜರಿದ್ದೆ ಎಂಬುದನ್ನು ನೆನೆದು ಆಗಲೇ ಒಂಥರಾ ಮೈ ಜುಮ್ಮೆಂದಿತು. ಆದರೆ ಆಗ ಅದು ಖುಷಿಯ ಜುಮ್ಮು.

ಆಮೇಲೆ ಪೊಲೀಸ್ ಆಕ್ಷನ್ ಆಯಿತು. ಆಕಾಶದಲ್ಲಿ ವಿಮಾನ ಹಾರಿದವು, ದಂಡು ಬಂತಂತೆ, ನಿಜಾಮರು ಸೋತರಂತೆ ಎಂದರು. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ದೊಡ್ಡವರ ಜಗಳ ಮುಗಿದ ಮೇಲೆ ಹಳ್ಳಿಗಳಲ್ಲಿ ಸಣ್ಣವರ ಸೇಡು ಶುರುವಾಯಿತು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದವರು ಬೆಲೆ ತೆತ್ತರು. ಈ ಗದ್ದಲಕ್ಕೆ ಎರಡು ದಿನ ಮುಂಚೆ ಪಿಂಜಾರ ಖೈರುವನ್ನು ಕರೆದುಕೊಂಡು ಹಳ್ಳಿಯ ಕಡೆ ಗಾದಿ ತುಂಬಲು ಹೋಗಿದ್ದ. ಆತ ಹತ್ತಿ ಹಿಂಜಿದರೆ ಈಕೆ ಬೀಜ ಆರಿಸುತ್ತಿದ್ದಳು. ಖಟಕ ಚಿಂಚೋಳಿಯಲ್ಲಿ ಇಬ್ಬರೂ ನೀರು ಕುಡಿದು ಮುಂದೆ ಹೋದದ್ದನ್ನು ಕಂಡವರಿದ್ದರು. ಅಲ್ಲಿಂದ ಮುಂದೆ ಕಂಡವರಿಲ್ಲ.

ಮಾವ ಹಲೀಮಾಬಿಯನ್ನೂ ಕೂಸನ್ನೂ ನಮ್ಮ ಜೋಳದ ಕೋಣೆಯಲ್ಲಿ ಬಚ್ಚಿಟ್ಟ. ಗದ್ದಲ ಸ್ವಲ್ಪ ತಣ್ಣಗಾದ ಮೇಲೆ ಹುಡುಕಲು ಹೋದ. ಮೂರನೇ ದಿನ ಬಂದ. ನೇರ ಬಾವಿಗೆ ಹೋಗಿ ಕೊಡದ ಮೇಲೆ ಕೊಡ ನೀರು ಸುರಿದುಕೊಂಡ. “ಏನರ ತಿಳೀತೇನ್ರಿ ಅಣ್ಣಾ?” ಎಂದು ಹಲೀಮಾಬಿ ಕೇಳಿದಳು. “ಯಾರೂ ಬಾಯಿ ಬಿಡವಲ್ರು ತಂಗಿ” ಎಂದಷ್ಟೇ ಹೇಳಿದ. ಯಾವುದೋ ಊರಿನಲ್ಲಿ ಒಂದು ಮನೆಯ ಗೂಟಕ್ಕೆ ಪಿಂಜಾರನ ಹತ್ತಿ ಹಿಂಜುವ ಕಮಾನು ನೇತಾಡುತ್ತಿದ್ದುದನ್ನು ಕಂಡೆ ಎಂದು ಅತ್ತೆಗೆ ಒಳಗೆ ಹೇಳಿದ್ದನ್ನು ನಾನು ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡೆ. ಕಮಾನು ಬಿಟ್ಟು ಆತ ಹತ್ತು ಹೆಜ್ಜೆಯೂ ಹೋದವನಲ್ಲ.

ಸಾಲೆ ಮತ್ತೆ ತೆರೆಯಿತು. ಹೊಸ ಸರ್ಕಾರದ ಪುಸ್ತಕ ಇನ್ನೂ ಬಂದಿರಲಿಲ್ಲ, ಉಸ್ತಾನಿ ಮಾ ಹಳೆಯದನ್ನೇ ಬಿಚ್ಚಿದರು. ಗೋಣಿತಟ್ಟಿನ ಮೇಲೆ ಹಲ್ಲು ಬಿದ್ದ ಬಾಯಿಯಂತೆ ಅಲ್ಲಲ್ಲಿ ಖಾಲಿ. ಅವರು ಹೆಸರು ಕೂಗುತ್ತಾ ಹೋದರು. ಕೆಲವಕ್ಕೆ ಉತ್ತರ, ಕೆಲವಕ್ಕೆ ಇಲ್ಲ. ಖೈರುನ್ನಿಸಾ ಎಂದು ಕೂಗಿದಾಗ ನನ್ನ ಪಕ್ಕದ ಜಾಗ ನೋಡಿದೆ. ಅಷ್ಟರಲ್ಲಿ, ಆಣೆ ಮಾಡಿ ಹೇಳುತ್ತೇನೆ, ನಾನು ಯೋಚನೆ ಮಾಡಿ ಅಂದದ್ದಲ್ಲ, ನನ್ನ ಬಾಯಿ ತಾನೇ ತೆರೆದು ಆಕೆಯ ದನಿಯಲ್ಲಿ “ಹಾಜರ್ ಜೀ” ಎಂದಿತು. ಉಸ್ತಾನಿ ಮಾ ಅವರ ಲೇಖನಿ ಒಂದು ಗಳಿಗೆ ನಿಂತಿತು. ಆಮೇಲೆ ಬರೆಯಿತು.

ಆಕೆ ನನಗಾಗಿ ಒಂದು ತಿಂಗಳು ದನಿ ತೆಗೆದಿದ್ದಳು, ನಾನು ಆಕೆಗಾಗಿ ತೆಗೆಯದಿದ್ದರೆ ಹ್ಯಾಗೆ? ಖೈರು ಎಲ್ಲೋ ಒಂದು ಶಿಬಿರದಲ್ಲಿದ್ದಾಳೆ, ತಿರುಗಿ ಬಂದಾಗ ಹೆಸರು ಇರಬೇಕು. ನನ್ನ ಲೆಕ್ಕ ಅಷ್ಟೇ ಇತ್ತು. ದಿನಾ ಅಂದೆ. ಉಳಿದ ಹುಡುಗಿಯರು ಮೊದಲೆರಡು ದಿನ ನನ್ನ ಕಡೆ ತಿರುಗಿ ನೋಡಿದರು, ಆಮೇಲೆ ನೋಡುವುದನ್ನೇ ಬಿಟ್ಟರು. ಆಕೆಯ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ. ಇಕ್ಕಟ್ಟಾದರೂ ಸರಿದು ಕೂರುತ್ತಿದ್ದರು.

ಕಿಟಕಿಯ ಕೆಳಗೆ ಹಲೀಮಾಬಿ ಬಂದು ನಿಲ್ಲುತ್ತಾಳೆಂದು ನನಗೆ ತಿಳಿದದ್ದು ಹತ್ತು ದಿನವಾದ ಮೇಲೆ. ಒಂದು ಬೆಳಿಗ್ಗೆ ಖೈರುವಿನ ಹೆಸರು ಬರುವ ಮುಂಚೆ ಹೊರಗೆ ಕೂಸು ಅತ್ತಿತು. ಎದ್ದು ನೋಡಿದರೆ ಓಣಿಯ ಗೋಡೆಗೆ ಬೆನ್ನು ಹಚ್ಚಿ, ಕೂಸನ್ನು ಸೆರಗಲ್ಲಿ ಸುತ್ತಿಕೊಂಡು, ತಲೆ ಬಾಗಿಸಿ ನಿಂತಿದ್ದಾಳೆ. ಖೈರುವಿನ ಹೆಸರು ಆಗುವ ತನಕ ನಿಂತು, ಆದ ಮೇಲೆ ಹೊರಟುಹೋಗುತ್ತಿದ್ದಳು. ಸಂಜೆ ಅತ್ತೆ ಆಕೆಯ ಮನೆಗೆ ಹಿಟ್ಟು ಕೊಡಲು ಹೋದರೆ, ಒಲೆಯ ಹತ್ತಿರ ಎರಡು ತಾಟು ಇಟ್ಟಿದ್ದಳಂತೆ.

“ಯಾರಿಗಿ ಹಲೀಮಾಬಿ?” ಎಂದು ಅತ್ತೆ ಕೇಳಿದ್ದಾಳೆ.

“ಖೈರುಗ ಭಾಬಿ. ಸಾಲಿಗಿ ಹೋಗ್ಯಾಳ, ಬರ್ತಾಳ.”

ಅತ್ತೆ ಹಿಟ್ಟು ಅಲ್ಲೇ ಇಟ್ಟು ಓಡಿ ಬಂದಳು. ನಾನು ಚಾಪೆಯ ಮೇಲೆ ಮುಖ ಆ ಕಡೆ ಮಾಡಿ ಮಲಗಿಬಿಟ್ಟೆ. ಆ ತಾಟು ಇಡಿಸಿದವಳು ನಾನೇ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಹಲೀಮಾಬಿಯ ಅಣ್ಣ ಬೀದರಿನಲ್ಲಿದ್ದ. ಆತ ಗಾಡಿ ಕಟ್ಟಿಕೊಂಡು ಬಂದ. ಓಣಿಯಲ್ಲಿ ಅವರ ಜನ ಹೆಚ್ಚುಕಡಿಮೆ ಖಾಲಿ, ಹತ್ತಿ ಹಿಂಜಿಸುವವರಿಲ್ಲ, ಎದೆಯ ಹಾಲು ಬತ್ತಿ ಕೂಸಿನ ಕೈಕಾಲು ಕಡ್ಡಿ. “ನಡಿ, ಇಲ್ಲಿದ್ರ ಈ ಕೂಸೂ ಉಳಿಯಂಗಿಲ್ಲ” ಎಂದು ಆತ ಕಾಲು ಹಿಡಿಯುವುದೊಂದು ಬಾಕಿ. ಹಲೀಮಾಬಿ ಒಂದೇ ಮಾತು: “ಹುಡುಗಿ ಸಾಲಿಗಿ ಹೋಗಲತ್ತಾಳ. ಬಿಟ್ಟು ಹ್ಯಾಂಗ ಬರ್ಲಿ?” ಆತ ಬರಿಗಾಡಿ ಹೊಡೆದುಕೊಂಡು ಹೋದ, ಎಂಟು ದಿನಕ್ಕೆ ಮತ್ತೆ ಬರುತ್ತೇನೆ ಎಂದ.

ನಡುವೆ ನನಗೆ ಜ್ವರ ಬಂತು. ನಡುಕದ ಚಳಿಜ್ವರ. ಎರಡು ದಿನ ಕಂಬಳಿಯ ಮೇಲೆ ಕಂಬಳಿ ಹೊದಿಸಿ ಮಲಗಿಸಿದರು. ಜ್ವರದಲ್ಲೂ ನನಗೆ ಒಂದೇ ಚಿಂತೆ, ಇವತ್ತು ಖೈರು ಗೈರು ಹಾಜರ್, ಹೊರಗೆ ನಿಂತವಳಿಗೆ ಏನಾಗುತ್ತದೋ. ಮೂರನೇ ದಿನ ತೂರಾಡುತ್ತ ಸಾಲೆಗೆ ಹೋಗಿ ಪಕ್ಕದ ಗಂಗುವನ್ನು ಕೇಳಿದೆ.

“ಖೈರು ಹೆಸರು ಕೂಗಿದಾಗ ಏನಾಯ್ತು?”

“ಏನಾಗ್ತದ? ದಿನಾದಂಗ ಹಾಜರ್ ಅಂದಿಯಲ್ಲ” ಎಂದಳು. ಅಂದವಳೇ ನನ್ನ ಮುಖ ನೋಡಿದಳು. ಆಮೇಲೆ ತನ್ನ ತುಟಿಯ ಮೇಲೆ ತಾನೇ ಕೈ ಇಟ್ಟುಕೊಂಡಳು. “ನೀ… ನೀ ಬಂದೇ ಇದ್ದಿಲ್ಲಲ್ಲ?”

ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ನೀನೇನೇ ಅಂದದ್ದು? ವಿದ್ಯೆಯ ಆಣೆ, ತಾಯಿಯ ಆಣೆ, ಕುರಾನಿನ ಆಣೆ, ಎಲ್ಲ ಆಣೆಯೂ ಬಂತು. ಯಾರೂ ಅಂದಿರಲಿಲ್ಲ, ಎಲ್ಲರೂ ಕೇಳಿದ್ದರು. ಉಸ್ತಾನಿ ಮಾ ಅವರ ಹತ್ತಿರ ಹೋಗಿ ಪುಸ್ತಕ ಬಗ್ಗಿ ನೋಡಿದೆ. ಎರಡೂ ದಿನ ನನ್ನ ಹೆಸರಿನ ಮುಂದೆ ಗೈರು. ಖೈರುವಿನ ಹೆಸರಿನ ಮುಂದೆ ಹಾಜರ್.

“ಯಾರು ಅಂದ್ರು ಉಸ್ತಾನಿ ಮಾ?”

“ಮೈ ಕಾನ್ ಸೇ ಲಿಖ್ತೀ ಬೇಟಿ. ಕಾನ್ ಸುನೇ ಸೋ ಲಿಖೀ” ಎಂದರು. ಕಿವಿ ಕೇಳಿದ್ದನ್ನು ಬರೆದೆ, ಅಷ್ಟೇ. ಅವರ ಪೊರೆ ಬಂದ ಕಣ್ಣು ನನ್ನ ಪಕ್ಕದ ಖಾಲಿ ಜಾಗದ ಕಡೆ ತಿರುಗಿತ್ತು. ಆ ಹೊತ್ತಿನಿಂದ ಯಾರ ಹೆಸರನ್ನಾದರೂ ಗಟ್ಟಿಯಾಗಿ ಕೂಗುವುದೆಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ, ಕೂಗಿದರೆ ಯಾರು ಓಗೊಡುತ್ತಾರೆಂದು ಹೇಗೆ ಹೇಳುವುದು? ನಾನು ಮಾಸ್ತರಕಿಗೆ ಸೇರಿದ ಮೇಲೂ ಹೋಗದ ಹೆದರಿಕೆ ಇದು.

ಕಡೆಗೆ ನನ್ನ ಬುದ್ಧಿಗೆ ಒಂದು ದಾರಿ ಹೊಳೆಯಿತು. ಕಿಟಕಿಯ ಹೊರಗೆ ನಿಂತಿದ್ದ ಹಲೀಮಾಬಿಯೇ ಅಂದಿರಬೇಕು. ತಾಯಿಯ ದನಿ, ಮಗಳ ದನಿ ಒಂದೇ ಥರ ಇರುತ್ತದೆ. ಹಾಗೆ ಅಂದುಕೊಂಡ ಮೇಲೆ ಸ್ವಲ್ಪ ಧೈರ್ಯ ಬಂದು ಮತ್ತೆ ದಿನಾ ನಾನೇ ಅನ್ನತೊಡಗಿದೆ. ಆದರೆ ಎದೆಯೊಳಗೆ ಇಟ್ಟುಕೊಳ್ಳಲಾಗದೆ ಒಂದು ದಿನ ಅತ್ತೆಯ ಮುಂದೆ ಎಲ್ಲ ಕಕ್ಕಿಬಿಟ್ಟೆ. ಅತ್ತೆ ಕೆನ್ನೆಗೆ ಬಿಗಿದಳು. ಬಿಗಿದ ಮೇಲೆ ಅಪ್ಪಿಕೊಂಡಳು.

“ನಿನ್ನ ಬಾಯಿಗಿ ಬೀಗ ಬೀಳ್ಲಿ! ಹೋದವರ ಹೆಸರಿಗಿ ಓ ಅನಬಾರದು ಅಂತ ತಿಳಿಯಂಗಿಲ್ಲೇನ? ನೀ ಓ ಅಂದ್ರ ಅವರು ದಾರಿ ಹಿಡೀಲ್ದೆ ಇಲ್ಲೇ ಸುತ್ತತಾರ. ಆ ಹೆಣ್ಣಮಗಳು ಇಲ್ಲೇ ಕೂತು ಕೂಸಿನ್ನೂ ಕಳ್ಕೋತಾಳ. ನಾಳಿ ಆಕಿ ಅಣ್ಣ ಗಾಡಿ ತರ್ತಾನ. ನಾಳಿ ನೀ ಪಿಟ್ಟ್ ಅನಬ್ಯಾಡ, ತಿಳೀತೇನ?”

“ನಾ ಅನ್ನಲಿಲ್ಲಂದ್ರ ಖೈರು ಹೆಸರು ಖಾರಿಜ್ ಆಗ್ತದಲ್ಲ ಅತ್ತಿ” ಎಂದು ನಾನು ಅಳತೊಡಗಿದೆ.

“ಆಗ್ಲಿ” ಎಂದು ಅವಳೂ ಅತ್ತಳು.

ಮರುದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಕಿಟಕಿಯಿಂದ ಬಂದ ಬೆಳಕು ಸರಿಯಾಗಿ ಖೈರುವಿನ ಜಾಗದ ಮೇಲೆ ಚೌಕವಾಗಿ ಕೂತಿತ್ತು. ಹೊರಗೆ ಹಲೀಮಾಬಿ ನಿಂತಿದ್ದಳು, ಆಕೆಯ ಸೆರಗಿನ ತುದಿ ಗಾಳಿಗೆ ಕಿಟಕಿಯ ಅಂಚಿನ ಮೇಲೆ ಒಮ್ಮೊಮ್ಮೆ ಕಾಣುತ್ತಿತ್ತು. ಉಸ್ತಾನಿ ಮಾ ಕೂಗಿದರು: “ಖೈರುನ್ನಿಸಾ.” ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಹಲ್ಲಿನಿಂದ ನಾಲಿಗೆಯನ್ನು ಕಚ್ಚಿ ಹಿಡಿದೆ, ಅದು ನನ್ನನ್ನು ಕೇಳದೆ ಏಳುವ ನಾಲಿಗೆ. ಎರಡನೇ ಸಲ ಕೂಗಿದರು. ಗಂಗು ನನ್ನ ತೋಳು ಹಿಡಿದುಕೊಂಡಳು. ಮೂರನೇ ಸಲ ಕೂಗುವಾಗ ಉಸ್ತಾನಿ ಮಾ ಅವರ ದನಿ ಹೆಸರು ಕೂಗುವ ದನಿಯಾಗಿರಲಿಲ್ಲ, ಕಳೆದ ಮಗುವನ್ನು ಬಾವಿಯಲ್ಲಿ ಬಗ್ಗಿ ಕರೆಯುವ ದನಿಯಾಗಿತ್ತು. ಉತ್ತರ ಬರಲಿಲ್ಲ. ಅವರು ಗೈರು ಎಂದು ಬರೆದು, ಕಣ್ಣು ಒರೆಸಿಕೊಂಡು, ಮುಂದಿನ ಹೆಸರು ಕೂಗಿದರು. ಅದು ನನ್ನದು. ನಾನು ಹಾಜರ್ ಎನ್ನದೆ ಎದ್ದು ಹೊರಗೆ ಓಡಿದೆ.

ಹಲೀಮಾಬಿ ಕುಸಿದು ಬಿದ್ದಿರುತ್ತಾಳೆ ಎಂದುಕೊಂಡಿದ್ದೆ. ಆಕೆ ನಿಂತೇ ಇದ್ದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಒಂದು ಗಂಟು ಹಿಡಿದಿದ್ದಳು. ಓಣಿಯ ಮೂಲೆಯಲ್ಲಿ ಆಕೆಯ ಅಣ್ಣನ ಗಾಡಿ ಕಾಣುತ್ತಿತ್ತು. ನಾನು ಆಕೆಯ ಕಾಲು ಅಪ್ಪಿ ಹೋ ಎಂದು ಅತ್ತೆ. ಇಷ್ಟು ದಿನ ಅಂದದ್ದು ನಾನೇ, ಖೈರು ಅಲ್ಲ, ತಪ್ಪಾಯಿತು ಎಂದೆ.

“ಮೊದಲನೇ ದಿನಾನೇ ಗೊತ್ತಾತು ಬೇಟಿ” ಎಂದಳು. “ಹಡದಾಕಿಗಿ ಮಗಳ ದನಿ ತಿಳಿಯಂಗಿಲ್ಲೇನ? ಹತ್ತಿ ದೂಳಿಗಿ ಆಕಿಗಿ ಕೆಮ್ಮಿತ್ತು. ಹಾಜರ್ ಅನ್ನೂ ಮುಂಚೆ ಒಂದ್ ಸಲ ಸಣ್ಣಗ ಗಂಟಲ ಸರಿ ಮಾಡ್ಕೋತಿದ್ದಳು. ನೀ ಅದನ್ನ ಮರೀತಿದ್ದಿ.”

ಹೌದು, ಮರೆತಿದ್ದೆ. ದಿನಾ ಪಕ್ಕದಲ್ಲೇ ಕೂತು ಕೇಳಿದ ಕೆಮ್ಮು ನನಗೆ ಮರೆತೇಹೋಗಿತ್ತು. ಮತ್ತೆ ದಿನಾ ಯಾಕೆ ಬರುತ್ತಿದ್ದಿರಿ ಎಂದು ಕೇಳಿದೆ.

“ಯಾರರ ಒಬ್ಬರು ಆಕಿ ಹೆಸರು ಕೂಗ್ತಾರಲ್ಲ, ಅದನ್ನ ಕೇಳಾಕ. ನೀ ಅಂದಾಗ ಧೈರ್ಯ ಬರ್ತಿತ್ತು. ಎಲ್ಲೋ ಅದಾಳ, ಅದಕ್ಕ ಗೆಳತಿ ಇಲ್ಲಿ ಆಕಿ ಪಾಳಿ ಕಾಯ್ತಾಳ ಅಂತ.” ಆಕೆ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. “ನಿನಗ ಜ್ವರ ಬಂದ ಎರಡು ದಿನ ಮಾತ್ರ ಕೆಮ್ಮು ಕೇಳ್ತು.”

ನನ್ನ ಅಳು ನಿಂತಿತು. “ಆವಾಗ ಅಂದದ್ದು ನೀವಲ್ಲೇನ್ರಿ?”

“ಅಲ್ಲಾನ ಆಣಿ, ನಾ ಅನ್ನಲಿಲ್ಲ. ಈ ಗ್ವಾಡಿಗಿ ಕಿವಿ ಹಚ್ಚಿ ನಿಂತಿದ್ದೆ. ಕೆಮ್ಮಿದಳು, ಅಂದಳು. ನೀ ತಿರುಗಿ ಬಂದ ಮ್ಯಾಲ ಮತ್ತ ಅನ್ನಲಿಲ್ಲ. ಇವತ್ತ ನೀ ಸುಮ್ನಿದ್ದಿ, ಅಂತಾಳೇನೋ ಅಂತ ಕಾದೆ. ಮೂರು ಸಲ ಕೂಗಿದ್ರೂ ಅನ್ನಲಿಲ್ಲ. ಹೋಗ್ಯಾಳ. ಇನ್ನ ನಾನೂ ಹೋಗ್ತೇನಿ.”

ಆದರೆ ನನಗೆ ಹತ್ತು ವರ್ಷ. ಆಕೆ ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ: ಖೈರು ಬಂದಿದ್ದಳು. ಖುಷಿಯಿಂದ ಎದೆ ಒಡೆಯುವಂತಾಗಿ ಆಕೆಯ ಸೆರಗು ಹಿಡಿದು ಜಗ್ಗಿದೆ.

“ಹಂಗಾರ ಖೈರು ಬದುಕ್ಯಾಳರಿ! ಸಾಲಿಗಿ ಬಂದಿದ್ದಳಂದ್ರ ಬದುಕ್ಯಾಳಲ್ಲ!”

ಹಲೀಮಾಬಿ ಗಂಟನ್ನು ನೆಲಕ್ಕಿಟ್ಟು, ಬಗ್ಗಿ, ನನ್ನ ಕಣ್ಣು ಮೂಗು ಎಲ್ಲ ಸೆರಗಿನಿಂದ ಒರೆಸಿದಳು. ನನ್ನ ತಲೆಯಲ್ಲಿ ಸಿಕ್ಕಿಕೊಂಡಿದ್ದ ಉಣ್ಣೆಯ ಎಳೆಯೊಂದನ್ನು ಮೆಲ್ಲಗೆ ತೆಗೆದಳು.

“ಬದುಕಿದ್ರ ಮನಿಗಿ ಬರ್ತಿದ್ದಳು ಬೇಟಿ” ಎಂದಳು. “ಸಾಲಿಗಿ ಯಾಕ ಬರ್ತಾಳ?”